ಉಪ್ಪು ಬಿಟ್ಟವರ ಉಪ್ಪಿನ ಯಾತ್ರೆ

ಉಪ್ಪು ನೋಡುವುದಕ್ಕೆಂದು ವಿಮಾನ ಹತ್ತಿದವರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ, ಏಕೆಂದರೆ ಹತ್ತಿದ್ದು ನಾನೇ. ಫೆಬ್ರವರಿಯ ಲಾಂಗ್ ವೀಕೆಂಡಿನಲ್ಲಿ ನ್ಯೂವಾರ್ಕಿನಿಂದ ಐದೂವರೆ ಗಂಟೆ ಮೊಣಕಾಲು ಮಡಚಿ ಕೂತು, ಲಾಸ್ ವೇಗಸ್ಸಿನಲ್ಲಿಳಿದು, ಬಾಡಿಗೆ ವ್ಯಾನಿನಲ್ಲಿ ಮರುಭೂಮಿಯೊಳಗೆ ಹೋಗಿ, ನೆಲದ ಮೇಲೆ ಬಿದ್ದಿರುವ ಉಪ್ಪನ್ನು ನೋಡಿ ಬಂದೆ. ಸಮರ್‌ಸೆಟ್ಟಿನ ನಮ್ಮ ಮನೆಯ ಗರಾಜಿನಲ್ಲಿ ಹಿಮ ಕರಗಿಸುವ ಕಲ್ಲುಪ್ಪಿನ ಎರಡು ಮೂಟೆ ಯಾವಾಗಲೂ ಇರುತ್ತವೆ. ನೋಡಲೇಬೇಕೆಂದಿದ್ದರೆ ಚಪ್ಪಲಿ ಮೆಟ್ಟಿಕೊಂಡು ಅಲ್ಲಿಗೆ ಹೋಗಿ ನೋಡಬಹುದಿತ್ತು.

ಈ ಯಾತ್ರೆಯ ಮೂಲಪುರುಷ ಮೆಟುಚೆನ್ ಅಂಕಲ್. ನನಗಿಂತ ಎರಡು ವರ್ಷ ದೊಡ್ಡವರು, ಅಷ್ಟೇ. ಅವರ ಊರು ಮೆಟುಚೆನ್ ಆದ್ದರಿಂದ ನಮ್ಮ ಮಗಳು ಚಿಕ್ಕವಳಿದ್ದಾಗ ಹಾಗೆ ಕರೆದಳೆಂದು ನಾನೂ ನನ್ನ ಗಂಡನೂ ಅದನ್ನೇ ಹಿಡಿದುಕೊಂಡೆವು. ಅವರ ಹೆಂಡತಿ ಮೆಟುಚೆನ್ ಆಂಟಿ. ಅಂಕಲ್‌ಗೆ ಗೊತ್ತಿಲ್ಲದ ವಿಷಯವಿಲ್ಲ, ಆಂಟಿ ಫೋಟೋ ತೆಗೆಯದ ವಸ್ತುವಿಲ್ಲ. ಜನವರಿಯ ಒಂದು ಭಾನುವಾರ ನಮ್ಮ ಮನೆಗೆ ಬಂದವರು ಡೈನಿಂಗ್ ಟೇಬಲ್ಲಿನ ಮೇಲೆ ಫೋನ್ ಇಟ್ಟು ಚಿತ್ರ ತೋರಿಸತೊಡಗಿದರು.

"ನೋಡಿ, ಇದು ನೇಚರ್ ಹಾಕಿರೋ ರಂಗೋಲಿ. ಮೈಲಿಗಟ್ಲೆ ಬರೀ ಉಪ್ಪು. ಒಂದು ಕಾಲದಲ್ಲಿ ಇಲ್ಲಿ ದೊಡ್ಡ ಸರೋವರ ಇತ್ತಂತೆ. ನೀರೆಲ್ಲ ಇವಾಪೊರೇಟ್ ಆಗಿ ಉಪ್ಪು ಉಳ್ಕೊಂಡಿದೆ," ಅಂದರು ಅಂಕಲ್.

"ನನ್ನ ಕೆಟಲ್ ತಳದಲ್ಲೂ ಹಾಗೇ ಏನೋ ಬೆಳ್ಳಗೆ ಉಳ್ಕೊಂಡಿರತ್ತೆ. ಬನ್ನಿ, ತೋರಿಸ್ತೀನಿ, ಟಿಕೆಟ್ ಇಲ್ಲ," ಅಂದೆ.

ನನ್ನ ಗಂಡ ಧಾರವಾಡದವರು. ಮದುವೆಯಾಗಿ ಮೂವತ್ತೊಂದು ವರ್ಷವಾದರೂ ಮೈಸೂರಿನವಳಾದ ನನ್ನ ಮಾತು ಅವರಿಗೆ ಅಂಟಲಿಲ್ಲ. ಫೋನನ್ನು ಹತ್ತಿರ ಎಳೆದುಕೊಂಡು, "ನೀ ಸುಮ್ಮನಿರು. ತಿನ್ನಲಿಕ್ಕಂತೂ ಇಲ್ಲ, ನೋಡಲಿಕ್ಕರ ಏನಡ್ಡಿ?" ಅಂದರು. ಅಲ್ಲಿಗೆ ತೀರ್ಮಾನವಾಯಿತು. ಜಾಗದ ಹೆಸರು ಡೆತ್ ವ್ಯಾಲಿ. ಸ್ಟ್ರೋಕ್ ಆಗಿ ಬದುಕಿ ಬಂದ ಮನುಷ್ಯನನ್ನು ಕರೆದೊಯ್ಯಲು ಇದಕ್ಕಿಂತ ಶುಭನಾಮದ ಊರು ಅವರಿಗೆ ಸಿಗಲಿಲ್ಲ.

ಸ್ಟ್ರೋಕ್ ಆಗಿದ್ದು ಎರಡೂವರೆ ವರ್ಷದ ಹಿಂದೆ. ಬೆಳಿಗ್ಗೆ ಕಾಫಿ ಲೋಟ ಹಿಡಿದು ನಿಂತಿದ್ದವರು ನನ್ನ ಕಡೆ ತಿರುಗಿ ಏನೋ ಹೇಳಿದರು. ಅದು ಧಾರವಾಡದ ಭಾಷೆಯೂ ಅಲ್ಲ, ಮೈಸೂರಿನದೂ ಅಲ್ಲ, ಯಾವ ಭಾಷೆಯೂ ಅಲ್ಲ. ಬಲಗೈಯಿಂದ ಲೋಟ ಜಾರಿ ಬಿತ್ತು. ಆ ಸದ್ದು ಈಗಲೂ ಕೇಳಿದ ಹಾಗಾಗಿ ಎದ್ದು ಕೂರುತ್ತೇನೆ. ಬೇಗ ಆಂಬ್ಯುಲೆನ್ಸ್ ಬಂತು, ನಾಲ್ಕು ದಿನ ಆಸ್ಪತ್ರೆ, ದೇವರು ದೊಡ್ಡವನು, ಮಾತೂ ಕೈಯೂ ವಾಪಸ್ ಬಂದವು, ಬಲಗೈಯಲ್ಲೊಂದು ಸಣ್ಣ ನಡುಕ ಮಾತ್ರ ಉಳಿಯಿತು. ಬಿಡುಗಡೆ ಮಾಡುವಾಗ ಡಾಕ್ಟರು ಮಾತ್ರೆಯ ಚೀಟಿ ಕೊಟ್ಟು, ಬಿಪಿ ಬಹಳ ಇದೆ, ಉಪ್ಪು ಕಡಿಮೆ ಮಾಡಿ ಅಂದರು. ಕಡಿಮೆ ಮಾಡಿ ಅಂದರು, ಬಿಡಿ ಅನ್ನಲಿಲ್ಲ.

ಆದರೆ ನಮ್ಮ ಜನಕ್ಕೆ ಕಡಿಮೆ ಅನ್ನುವ ಪದ ಅರ್ಥವಾದರೆ ತಾನೆ? ಮಾಡಿದರೆ ವ್ರತವಾಗಬೇಕು, ಇಲ್ಲದಿದ್ದರೆ ಹಬ್ಬವಾಗಬೇಕು. ನನ್ನ ಗಂಡ ರೊಟ್ಟಿಯ ಜೊತೆ ಹಸಿಮೆಣಸಿನಕಾಯಿಯನ್ನು ಉಪ್ಪಿಗೆ ಅದ್ದಿ ಕಚ್ಚುವ ಮನುಷ್ಯ. ತಟ್ಟೆಯಲ್ಲಿ ಮೂರು ಉಪ್ಪಿನಕಾಯಿ ಇಲ್ಲದೆ ಕೂತವರೇ ಅಲ್ಲ. ಮನೆಗೆ ಬಂದ ದಿನ ದೇವರ ಕಟ್ಟೆಯ ಮುಂದೆ ನಿಂತು ಘೋಷಣೆ ಮಾಡಿದರು.

"ಕಡಿಮಿ ಅನ್ನೋದು ನನಗ ಬರೂದಿಲ್ಲ. ಬಿಟ್ರ ಪೂರಾ ಬಿಡಬೇಕು. ಆದ್ರ ಒಬ್ಬನs ಬಿಡಲಿಕ್ಕೆ ನನ್ನ ಕೈಲೆ ಆಗೂದಿಲ್ಲ. ನೀ ಬಿಟ್ರ ನಾನೂ ಬಿಡ್ತೀನಿ. ನೀ ತಿಂದದ್ದು ಗೊತ್ತಾತಂದ್ರ, ಅವತ್ತ ನಾನೂ ತಿನ್ನಾಂವ."

ನನಗೆ ಬಿಪಿ ಇರಲಿಲ್ಲ. ಆದರೆ ಲೋಟ ಬಿದ್ದ ಸದ್ದು ಕಿವಿಯಲ್ಲಿ ಹಸಿಯಾಗಿತ್ತು. ಆಯಿತು ಅಂದೆ. ನನ್ನ ಅತ್ತೆ ಕೊಟ್ಟಿದ್ದ ಪಿಂಗಾಣಿಯ ಉಪ್ಪಿನ ಜಾಡಿಯನ್ನು ತೊಳೆದು ಒರೆಸಿ ಬೇಸ್‌ಮೆಂಟಿನ ಶೆಲ್ಫಿನಲ್ಲಿಟ್ಟೆ. ಅಂದಿನಿಂದ ನಮ್ಮ ಮನೆಯಲ್ಲಿ ಉಪ್ಪು ಡ್ರೈವ್‌ವೇಗೆ ಮಾತ್ರ.

ಸುದ್ದಿ ಹರಡುವುದಕ್ಕೆ ಎಷ್ಟು ಹೊತ್ತು? ಮೆಟುಚೆನ್ ಆಂಟಿ ಇದ್ದ ಮೇಲೆ ಒಂದು ವಾರ ಸಾಕು. ಎಡಿಸನ್ನಿನಿಂದ ಹ್ಯಾರಿಸನ್ನಿನವರೆಗೆ ನಾನು ಉಪ್ಪು ಬಿಟ್ಟ ಆಂಟಿಯಾದೆ. ಇಲ್ಲಿಯ ಕನ್ನಡ ಸಂಘದ ಯುಗಾದಿ ಊಟಕ್ಕೆ ಸಾಲಿನಲ್ಲಿ ಕೂತರೆ, ಎಲೆಯ ಎಡತುದಿಗೆ ಉಪ್ಪು ಬಡಿಸುತ್ತ ಬಂದವರು ನನ್ನ ಮುಂದೆ ಬಂದಾಗ ಚಮಚವನ್ನು ಎತ್ತಿ ಹಿಡಿದು, ಕೈ ಮುಗಿಯುವಂತೆ ತಲೆಬಾಗಿಸಿ ಮುಂದಕ್ಕೆ ಹೋಗುತ್ತಿದ್ದರು. ಹ್ಯಾರಿಸನ್ನಿನ ಹೊಸ ಅಪಾರ್ಟ್‌ಮೆಂಟುಗಳಲ್ಲಿರುವ ಎಳೆಯ ಹುಡುಗಿಯರು ಬಂದು, "ಆಂಟಿ, ಯು ಆರ್ ಸೋ ಇನ್‌ಸ್ಪೈರಿಂಗ್. ನಮ್ಮ ಹಸ್ಬೆಂಡ್‌ಗೋಸ್ಕರ ನಾವು ಕಾಫಿ ಕೂಡ ಬಿಡಲ್ಲ," ಅನ್ನುತ್ತಿದ್ದರು. ಬಿಡಬೇಡಿ ಕಣ್ರಮ್ಮ, ಯಾವ ಹಸ್ಬೆಂಡೂ ಅಷ್ಟಕ್ಕೆ ಬಾಳುವುದಿಲ್ಲ ಅಂತ ನಾಲಗೆಯ ತುದಿಗೆ ಬರುತ್ತಿತ್ತು. ಆದರೆ ಹೊಗಳಿಕೆ ಯಾರಿಗೆ ಕಹಿ? ಸೆರಗು ಸರಿಮಾಡಿಕೊಂಡು ನಗುತ್ತಿದ್ದೆ. ಒಂದು ಸಲ ಮೆಟುಚೆನ್ ಆಂಟಿ ವೇದಿಕೆಯ ಮೇಲೆ ಮೈಕ್ ಹಿಡಿದು ನನ್ನನ್ನು ಪುರಾಣದ ಪತಿವ್ರತೆಯರ ಸಾಲಿನಲ್ಲಿ ನಿಲ್ಲಿಸಿಬಿಟ್ಟರು. ಚಪ್ಪಾಳೆ ಬಿತ್ತು.

ಈಗ ನಿಜ ಹೇಳುತ್ತೇನೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ಮೂರೇ ತಿಂಗಳಿಗೆ ನನ್ನ ವ್ರತ ಮುರಿದಿತ್ತು.

ನಾನು ಮೆಟುಚೆನ್ ಸ್ಟೇಷನ್ನಿನಲ್ಲಿ ಕಾರು ನಿಲ್ಲಿಸಿ ಟ್ರೈನ್ ಹಿಡಿದು, ನ್ಯೂವಾರ್ಕಿನಲ್ಲಿ ಬದಲಿಸಿ ಹ್ಯಾರಿಸನ್ನಿಗೆ ಕಮ್ಯೂಟ್ ಮಾಡುವವಳು. ಒಂದು ಸಂಜೆ ನ್ಯೂವಾರ್ಕಿನಲ್ಲಿ ಟ್ರೈನ್ ಲೇಟು. ಮಧ್ಯಾಹ್ನ ಸಪ್ಪೆ ಸಾರನ್ನ ತಿಂದ ಬಾಯಿ. ಪಕ್ಕದ ಅಂಗಡಿಯಲ್ಲಿ ಗಂಟು ಹಾಕಿ ಬೇಯಿಸಿದ ಬ್ರೆಡ್ಡು, ಪ್ರೆಟ್ಜೆಲ್, ಅದರ ಮೇಲೆ ದಪ್ಪದಪ್ಪ ಉಪ್ಪಿನ ಹರಳು. ಕೊಂಡೆ. ಕಂಬದ ಮರೆಯಲ್ಲಿ ನಿಂತು, ಗೋಡೆಗೆ ಮುಖ ಮಾಡಿ, ಬ್ರೆಡ್ಡು ಬಿಟ್ಟು ಉಪ್ಪನ್ನಷ್ಟೇ ಮೊದಲು ನೆಕ್ಕಿದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ಯಾರೋ ಪರಿಚಯದ ದೇಸಿ ಮುಖ ಕಂಡ ಹಾಗಾಗಿ ಅರ್ಧ ಪ್ರೆಟ್ಜೆಲ್ಲನ್ನು ಕೋಟಿನೊಳಕ್ಕೆ ತುರುಕಿದೆ.

ಅಲ್ಲಿಂದ ಮುಂದೆ ಆಫೀಸಿನ ಕೆಫೆಟೇರಿಯಾ. ಅಲ್ಲಿ ಬೆರಳಗಲದ ಕಾಗದದ ಉಪ್ಪಿನ ಪ್ಯಾಕೆಟ್ಟುಗಳನ್ನು ಬುಟ್ಟಿಯಲ್ಲಿಟ್ಟಿರುತ್ತಾರೆ. ಮುಷ್ಟಿ ತುಂಬ ತೆಗೆದು ಕೋಟಿನ ಜೇಬಿಗೆ ಹಾಕಿಕೊಳ್ಳುತ್ತಿದ್ದೆ. ಮಧ್ಯಾಹ್ನ ಮನೆಯ ಸಪ್ಪೆ ಡಬ್ಬಿ ತೆರೆದು ಎರಡು ಪ್ಯಾಕೆಟ್ ಸುರಿದು ಉಣ್ಣುತ್ತಿದ್ದೆ. ಮಿಕ್ಕಿದ್ದನ್ನು ಸಂಜೆ ಕಾರು ಹತ್ತುವ ಮೊದಲು ಕಸದ ತೊಟ್ಟಿಗೆ ಹಾಕುತ್ತಿದ್ದೆ. ಮನೆಯಲ್ಲಿ ಮಾತ್ರ, ಅವರ ಎದುರಿಗೆ, ಎರಡು ಹೊತ್ತೂ ಸಪ್ಪೆ. ಒಂದು ದಿನವೂ ತಪ್ಪಲಿಲ್ಲ. ಅವರ ಬಿಪಿ ಇಳಿಯಿತು. ಡಾಕ್ಟರು ಸಂತೋಷಪಟ್ಟರು. ನನ್ನ ಸುಳ್ಳೇ ಅವರನ್ನು ಬದುಕಿಸಿದೆ, ಅದು ಹೊರಬಿದ್ದ ದಿನ ಅವರು ಮತ್ತೆ ಮೆಣಸಿನಕಾಯಿಯನ್ನು ಉಪ್ಪಿಗೆ ಅದ್ದುತ್ತಾರೆ, ಮತ್ತೆ ಲೋಟ ಬೀಳುತ್ತದೆ. ಇದು ನನ್ನ ಲೆಕ್ಕಾಚಾರ, ಇದೇ ನನ್ನ ಭಯ.

ಆ ಭಯದಲ್ಲೇ ನ್ಯೂವಾರ್ಕ್ ಏರ್‌ಪೋರ್ಟಿಗೆ ಹೋದೆ. ನಾಲ್ಕು ದಿನಕ್ಕೆಂದು ಹ್ಯಾಂಡ್‌ಬ್ಯಾಗಿನ ಒಳಜೇಬಿನಲ್ಲಿ ಹತ್ತು ಪ್ಯಾಕೆಟ್ ಇಟ್ಟುಕೊಂಡಿದ್ದೆ. ಸೆಕ್ಯೂರಿಟಿಯ ಕ್ಯೂನಲ್ಲಿ ಮೆಟುಚೆನ್ ಆಂಟಿ, "ನಿಮ್ಮ ಬ್ಯಾಗಲ್ಲಿ ಟಿಶ್ಯೂ ಇದ್ಯಾ? ಕೊಡಿ ಇಲ್ಲಿ, ನಾನೇ ತಗೋತೀನಿ," ಎಂದು ಕೈ ಹಾಕಲು ಬಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡರಂತೆ. ಬ್ಯಾಗನ್ನು ಎದೆಗೆ ಅವುಚಿಕೊಂಡು, ಬಾತ್‌ರೂಮಿಗೆ ಓಡಿ, ಹತ್ತನ್ನೂ ಕಸಕ್ಕೆ ಹಾಕಿ ಬಂದೆ. ಅವಸರದಲ್ಲಿ ಒಂದನ್ನಾದರೂ ಬಾಯಿಗೆ ಹಾಕಿಕೊಳ್ಳಲಿಲ್ಲವಲ್ಲ ಅಂತ ವಿಮಾನದುದ್ದಕ್ಕೂ ಹೊಟ್ಟೆ ಉರಿಯಿತು.

ಆಮೇಲೆ ಎರಡು ದಿನ ಅಕ್ಷರಶಃ ಸಪ್ಪೆ. ಅಂಕಲ್ ನಾಲ್ವರಿಗೂ ಒಂದೇ ಮನೆ ಬುಕ್ ಮಾಡಿದ್ದರು. ಆಂಟಿ ಸೂಟ್‌ಕೇಸಿನಲ್ಲಿ ರೈಸ್ ಕುಕ್ಕರ್ ತಂದಿದ್ದರು. ಅಮೆರಿಕದ ಯಾವ ಮೂಲೆಗೆ ಹೋದರೂ ನಾವು ನೋಡುವುದು ಹೋಟೆಲಿನ ಪ್ಲಗ್ ಪಾಯಿಂಟನ್ನೇ. ಆಂಟಿ ತಮಗೊಂದು ಕೆಂಪು ಮುಚ್ಚಳದ ಡಬ್ಬಿ, ನಮಗೊಂದು ನೀಲಿ ಮುಚ್ಚಳದ ಡಬ್ಬಿ ಮಾಡುತ್ತಿದ್ದರು. ಕೆಂಪಿನಲ್ಲಿ ಉಪ್ಪು, ನೀಲಿಯಲ್ಲಿ ಪುಣ್ಯ. ಗಂಡ ಯಾವಾಗಲೂ ಪಕ್ಕದಲ್ಲೇ. ಒಂದು ಹರಳಿಗೂ ದಾರಿಯಿರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಉಪ್ಪಿನ ದರ್ಶನ. ವ್ಯಾನಿನಲ್ಲಿ ಅಂಕಲ್ ಉಪನ್ಯಾಸ ಶುರುಮಾಡಿದರು.

"ಒಂದು ಇಂಟರೆಸ್ಟಿಂಗ್ ವಿಷ್ಯ ಗೊತ್ತಾ? ಉಪ್ಪು ಬಿಟ್ಟವರ ನಾಲಗೆ ಸೆನ್ಸಿಟಿವ್ ಆಗಿಬಿಡತ್ತೆ. ಕೆಲವು ವಾರ ಸಾಕು. ಆಮೇಲೆ ಒಂದು ಚೂರು ಉಪ್ಪು ತಗುಲಿದ್ರೂ ತಡ್ಕೊಳ್ಳೋಕಾಗಲ್ಲ. ಅಲ್ಲಿ ಹೋದ್ಮೇಲೆ ನಿಮ್ಮಿಬ್ರ ಮೇಲೂ ಟೆಸ್ಟ್ ಮಾಡೋಣ. ಎಲ್ಲರೂ ಒಂದೊಂದು ಹರಳು ಟೇಸ್ಟ್ ಮಾಡ್ತಾರೆ ಅಲ್ಲಿ."

ನಲವತ್ತು ನಿಮಿಷದ ದಾರಿಯಲ್ಲಿ ಕಿಟಕಿಯ ಕಡೆ ಮುಖ ಮಾಡಿ, ಕಹಿ ಕಷಾಯ ಕುಡಿದವಳ ಮುಖ ಮಾಡುವುದನ್ನು ಅಭ್ಯಾಸ ಮಾಡಿದೆ. ಹುಬ್ಬು ಗಂಟು, ಕಣ್ಣು ಮುಚ್ಚು, ಥೂ ಅಂತ ಉಗುಳು. ಶಾಲೆಯಲ್ಲಿ ನಾಟಕ ಮಾಡಿದವಳಿಗೆ ಇದೇನು ಮಹಾ ಅಂದುಕೊಂಡೆ.

ಜಾಗಕ್ಕೆ ಬಂದೆವು. ಕಾರು ನಿಲ್ಲಿಸಲು ಜಾಗವಿಲ್ಲ, ಬಸ್ಸುಗಳು ಬೇರೆ. ಹಿಂದುಗಡೆ ಕಡಿದಾದ ಬಂಡೆಯ ಬೆಟ್ಟ. ಅದರ ಮೇಲೆ ಬಹಳ ಎತ್ತರದಲ್ಲಿ ಒಂದು ಬಿಳಿ ಫಲಕ. ಸಮುದ್ರದ ಮಟ್ಟ ಅಲ್ಲಿದೆಯಂತೆ, ನಾವು ಅದರ ಕೆಳಗೆ ಪಾತಾಳದಲ್ಲಿ ನಿಂತಿದ್ದೇವಂತೆ. ಜನ ಆ ಫಲಕಕ್ಕೆ ಕೈ ತೋರಿಸುತ್ತ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಮರದ ಹಲಗೆಯ ದಾರಿ ಮುಗಿದ ಮೇಲೆ ಉಪ್ಪು ಶುರು. ರಂಗೋಲಿಯಂತೆ! ಸಾವಿರಾರು ಬೂಟು ತುಳಿದು ತುಳಿದು ಕಂದಾಗಿದ್ದ ಆ ದಾರಿ, ಹಿಮ ಕರಗಿದ ಮಾರನೆಯ ದಿನ ಮೆಟುಚೆನ್ ಸ್ಟೇಷನ್ನಿನ ಪಾರ್ಕಿಂಗ್ ಲಾಟ್ ಇರುತ್ತದಲ್ಲ, ಅದೇ. ಒಬ್ಬಳು ಕೆಂಪು ಗೌನು ತೊಟ್ಟು ಗಾಳಿಗೆ ಅದರ ನೆರಿಗೆ ಹಾರಿಸುತ್ತಿದ್ದಳು. ಗಾಳಿ ಸಾಲದೆಂದು ಅವಳ ಗೆಳೆಯ ಒಂದು ರಟ್ಟು ಬೀಸುತ್ತಿದ್ದ. ಇನ್ನೊಬ್ಬ ಉಪ್ಪಿನ ಮೇಲೆ ತಲೆಯೂರಿ ಶೀರ್ಷಾಸನ ಹಾಕಿದ್ದ. ಆ ಉಪ್ಪು ಅವನ ಕಣ್ಣಿಗೆ ಹೋಗಿದ್ದರೆ ಯೋಗ ಏನೆಂದು ಗೊತ್ತಾಗುತ್ತಿತ್ತು.

"ಇನ್ನೂ ಒಳಗೆ ಹೋಗ್ಬೇಕು, ಅಲ್ಲಿ ಕ್ಲೀನ್ ಇರತ್ತೆ," ಎಂದು ಅಂಕಲ್ ಮುಂದೆ ನಡೆದರು. ಅರ್ಧ ಗಂಟೆ ನಡೆಸಿದರು. ಜನ ಕಡಿಮೆಯಾದರು, ನೆಲ ಬೆಳ್ಳಗಾಯಿತು. ಜೇನುಗೂಡಿನಂತೆ ಆರು ಮೂಲೆಯ ಮನೆ ಮನೆಯಾಗಿ, ಅಂಚಿನಲ್ಲಿ ಬದು ಎದ್ದು, ಆ ತುದಿಯ ಬೆಟ್ಟದವರೆಗೆ ಉಪ್ಪು. ಕಾಲಿಟ್ಟರೆ ಕರಿದ ಹಪ್ಪಳದ ಹಾಗೆ ಕರಕರ. ಚೆನ್ನಾಗಿತ್ತು, ಸುಳ್ಳೇಕೆ ಹೇಳಲಿ. ಆದರೆ ಅಂಕಲ್ ಎದುರಿಗೆ ಹಾಗೆ ಒಪ್ಪಿಕೊಳ್ಳಲು ನನಗೇನು ಹುಚ್ಚೇ? "ಇಷ್ಟೇನಾ?" ಅಂದೆ.

ಅಂಕಲ್ ಬಗ್ಗಿ, ಬದುವಿನ ಮೇಲೆ ಬೆರಳು ಒತ್ತಿ, ಅಂಟಿದ ಹರಳನ್ನು ನಾಲಗೆಗಿಟ್ಟುಕೊಂಡರು. "ಪ್ಯೂರ್," ಅಂದರು, ತಾವೇ ಮಾಡಿಟ್ಟವರ ಹಾಗೆ. ಆಂಟಿಯೂ ಮುಟ್ಟಿ ನೆಕ್ಕಿ ತಲೆಯಾಡಿಸಿದರು. ಆಮೇಲೆ ನನ್ನ ಗಂಡನ ಸರದಿ.

"ನಮ್ಮ ವ್ರತ ಅದ ಅಲ್ಲರೀ," ಎಂದು ಅವರು ಹಿಂಜರಿದರು.

"ಒಂದು ಹರಳಿಂದ ಏನಾಗತ್ತೆ? ಇದು ಊಟ ಅಲ್ಲ, ಜಿಯಾಲಜಿ," ಅಂದರು ಅಂಕಲ್.

ನನ್ನ ಗಂಡ ನನ್ನ ಮುಖ ನೋಡಿದರು. ನಾನು ಪತಿವ್ರತೆಯ ಗಾಂಭೀರ್ಯದಿಂದ ತಲೆಯಾಡಿಸಿ ಅಪ್ಪಣೆ ಕೊಟ್ಟೆ. ಅವರು ಕಿರುಬೆರಳ ತುದಿಯಷ್ಟನ್ನು ಬಾಯಿಗಿಟ್ಟರು. ಇಟ್ಟದ್ದೇ ತಡ, ಬೆಂಕಿ ಮುಟ್ಟಿದವರ ಹಾಗೆ ಹಿಂದಕ್ಕೆ ಸರಿದರು. ಕೆಮ್ಮಿದರು, ಉಗುಳಿದರು, ಕಣ್ಣಿನಲ್ಲಿ ನೀರು ಬಂತು. ಒಂದು ಕಾಲದಲ್ಲಿ ಉಪ್ಪನ್ನು ಹಿಡಿಹಿಡಿ ತಿಂದ ಮನುಷ್ಯ. "ಏನಪ್ಪಾ ಇದು, ನಾಲಿಗಿ ಸುಟ್ಟಂಗಾತು!" ಅಂದರು.

"ನೋಡಿದ್ರಾ! ಹೇಳಿದ್ನಾ?" ಎಂದು ಅಂಕಲ್ ಚಪ್ಪಾಳೆ ತಟ್ಟಿದರು. "ಈಗ ನೀವು."

ಬಗ್ಗಿದೆ. ಬೆರಳಿಗೆ ಹರಳು ಅಂಟಿತು. ಹುಬ್ಬು ಗಂಟು, ಕಣ್ಣು ಮುಚ್ಚು, ಉಗುಳು ಎಂದು ಮನಸ್ಸಿನಲ್ಲೇ ಪಾಠ ಒಪ್ಪಿಸಿಕೊಂಡೆ. ಆಂಟಿ ಫೋನ್ ಎತ್ತಿ ಹಿಡಿದರು. ನಾಲಗೆಗಿಟ್ಟೆ.

ಅಯ್ಯೋ, ಏನು ಹೇಳಲಿ. ಎರಡು ದಿನದಿಂದ ಒಣಗಿದ್ದ ಬಾಯಿ. ಹರಳು ಕರಗಿ ಕೆನ್ನೆಯ ಒಳಗೆಲ್ಲ ಹರಿಯಿತು. ಕಣ್ಣು ಮುಚ್ಚಿತು ನಿಜ, ಆದರೆ ಕಷಾಯ ಕುಡಿದವಳ ಹಾಗಲ್ಲ. ಗಂಟಲಿನಿಂದ ಒಂದು "ಮ್" ಹೊರಟೇ ಹೋಯಿತು. ಭುಜ ಸಡಿಲವಾಯಿತು, ತುಟಿ ತಾನಾಗಿ ಅರಳಿತು. ಉಗುಳುವುದು ಮರೆತು ಚಪ್ಪರಿಸಿ ನುಂಗಿಬಿಟ್ಟೆ. ಕಣ್ಣು ತೆರೆದಾಗ ನನ್ನ ಗಂಡ ಎರಡೇ ಅಡಿ ದೂರದಲ್ಲಿ, ಒದ್ದೆ ಕಣ್ಣಿನಿಂದ, ನನ್ನನ್ನೇ ನೋಡುತ್ತಿದ್ದರು. ತಡವಾಗಿ ಥೂ ಅಂದೆ. ಉಗುಳಲು ಬಾಯಿಯಲ್ಲಿ ಏನೂ ಉಳಿದಿರಲಿಲ್ಲ.

ಆಂಟಿ ಫೋನಿನೊಳಗೆ ಕಣ್ಣು ಕಿರಿದುಮಾಡಿ ನೋಡುತ್ತ, "ಅರೆ, ನೀವು ನಗ್ತಾ ಇದೀರಲ್ರೀ! ನಿಮ್ಗೇನೂ ಆಗ್ಲಿಲ್ವಾ?" ಅಂದರು.

"ಬಿಸಿಲ್ರೀ ಅದು. ಬಿಸಿಲಿಗೆ ಮುಖ ಹಂಗ ಕಾಣ್ತದ," ಅಂದರು ನನ್ನ ಗಂಡ. ತಿರುಗಿ ವ್ಯಾನಿನ ಕಡೆ ನಡೆದರು.

ಆ ಅರ್ಧ ಗಂಟೆ ಅವರ ಬೆನ್ನನ್ನು ನೋಡುತ್ತ ನಡೆದೆ. ಉಪ್ಪು ತಿಂದವಳು ನೀರು ಕುಡಿಯಲೇಬೇಕು ಅಂತ ಅಜ್ಜಿ ಹೇಳುತ್ತಿದ್ದಳು. ಲೀಟರ್ ನೀರಿನ ಬಾಟಲಿ ಕೈಯಲ್ಲಿತ್ತು, ಒಂದು ಗುಟುಕೂ ಇಳಿಯಲಿಲ್ಲ. ನೀ ತಿಂದದ್ದು ಗೊತ್ತಾತಂದ್ರ ಅವತ್ತ ನಾನೂ ತಿನ್ನಾಂವ. ಇದೇ ಆ ದಿನ. ಮಧ್ಯಾಹ್ನ ಅವರು ಕೆಂಪು ಮುಚ್ಚಳ ತೆಗೆಯುತ್ತಾರೆ, ಸಂಜೆ ಚಿಪ್ಸು, ಮನೆಗೆ ಹೋದ ಮೇಲೆ ಮೂರು ಉಪ್ಪಿನಕಾಯಿ. ಊರಿಗೆಲ್ಲ ನಾಲಗೆ ಹರಿಯಬಿಡುವ ನನ್ನನ್ನು ಅದೇ ನಾಲಗೆ ಹಿಡಿದುಕೊಟ್ಟಿತ್ತು. ನನಗೆ ನನ್ನ ಮೇಲೇ ಅಸಹ್ಯವಾಯಿತು.

ಪಿಕ್‌ನಿಕ್ ಮೇಜಿನ ಮೇಲೆ ಆಂಟಿ ಡಬ್ಬಿ ಬಿಚ್ಚಿದರು. ಎರಡರಲ್ಲೂ ಪುಳಿಯೋಗರೆ. ನನ್ನ ಗಂಡ ಕೈ ಚಾಚಿ ಕೆಂಪು ಮುಚ್ಚಳದ ಡಬ್ಬಿಯನ್ನೇ ಎಳೆದುಕೊಂಡರು. ಅವರು ಮುಚ್ಚಳ ತೆಗೆದು, ಒಂದು ತಟ್ಟೆಗೆ ಬಡಿಸಿ, ಅದನ್ನು ನನ್ನ ಮುಂದಿಟ್ಟರು.

"ಇವತ್ತಿಗೆ ಆಕಿ ವ್ರತ ಮುಗೀತು. ಆಕೀಗೆ ಬಿಪಿ ಎಲ್ಲಿ ಅದ? ನನ್ನ ಸಲುವಾಗಿ ಎರಡೂವರಿ ವರ್ಷ ಬಿಟ್ಟಾಳ, ಸಾಕು. ನಾನs ಬಿಡಿಸೀನಿ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು.

ಮೆಟುಚೆನ್ ಆಂಟಿಯ ಕಣ್ಣು ತುಂಬಿ ಬಂತು. "ಎಂಥಾ ಜೋಡಿ ರೀ ನೀವು! ಇದನ್ನ ನಾನು ಮುಂದಿನ ಪ್ರೋಗ್ರಾಂನಲ್ಲಿ ಹೇಳ್ಲೇಬೇಕು," ಅಂದರು. ಹೇಳಿ ತಾಯಿ, ಮೈಕ್ ಹಿಡಿದು ಹೇಳಿ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು, ಆದರೆ ಸಮುದ್ರಕ್ಕಿಂತ ಕೆಳಗೆ ಇಳಿದು ಬಂದವಳು ಇನ್ನೆಲ್ಲಿಗೆ ಇಳಿಯಲಿ? ಗಂಡ ನೀಲಿ ಮುಚ್ಚಳ ತೆಗೆದು ತಾವು ಸಪ್ಪೆಯದನ್ನು ಉಂಡರು.

ನನಗೆ ನಂಬಿಕೆ ಬರಲಿಲ್ಲ. ಜನರ ಮುಂದೆ ಮರ್ಯಾದೆ ಉಳಿಸಿದ್ದಾರೆ, ಅಷ್ಟೇ, ಮುಂದಿದೆ ನನಗೆ ಅಂದುಕೊಂಡೆ. ವಾಪಸ್ ಬರುವ ವಿಮಾನದಲ್ಲಿ ಉಪ್ಪಿನ ಬಿಸ್ಕತ್ತಿನ ಪೊಟ್ಟಣ ಕೊಟ್ಟರು. ಅವರು ಅದನ್ನು ಹಿಡಿದು ಹಿಂದೆ ಮುಂದೆ ತಿರುಗಿಸಿ ಓದಿದರು. ನಾನು ಓರೆಗಣ್ಣಿನಿಂದ ನೋಡುತ್ತಿದ್ದೆ. ಓದಿ ಮುಗಿಸಿ ನನ್ನ ಟ್ರೇ ಮೇಲಿಟ್ಟು ಕಣ್ಣು ಮುಚ್ಚಿದರು. ಕೇಳಬೇಕು ಅಂದುಕೊಂಡೆ. ಎಲ್ಲರನ್ನೂ ಎಲ್ಲವನ್ನೂ ಆಡಿಕೊಳ್ಳುವ ಬಾಯಿಗೆ ಒಂದು ಪ್ರಶ್ನೆ ಕೇಳಲು ಬರಲಿಲ್ಲ.

ಮಂಗಳವಾರ ಸಮರ್‌ಸೆಟ್ಟಿನಲ್ಲಿ ನಾಲ್ಕು ಇಂಚು ಹಿಮ. ವರ್ಕ್ ಫ್ರಂ ಹೋಮ್ ಎಂದು ಮೇಲ್ ಹಾಕಿ ಅಡುಗೆಗೆ ನಿಂತೆ. ಸಾರು, ಅನ್ನ, ಎಲೆಕೋಸಿನ ಪಲ್ಯ, ಎಲ್ಲ ಸಪ್ಪೆ. ಕಿಟಕಿಯಿಂದ ನೋಡಿದರೆ ಅವರು ಡ್ರೈವ್‌ವೇಯಲ್ಲಿ ಡಬ್ಬಿಯಿಂದ ಕಲ್ಲುಪ್ಪು ಎರಚುತ್ತಿದ್ದರು, ಹೊಲಕ್ಕೆ ಬೀಜ ಎರಚುವವರ ಹಾಗೆ ನಿಧಾನವಾಗಿ, ಎಡಗೈಯಲ್ಲಿ. ಒಳಗೆ ಬಂದವರು ಬೂಟು ಬಿಚ್ಚಿ ನೇರ ಬೇಸ್‌ಮೆಂಟಿಗೆ ಇಳಿದರು. ಮೇಲೆ ಬಂದಾಗ ಕೈಯಲ್ಲಿ ಅತ್ತೆಯ ಪಿಂಗಾಣಿ ಜಾಡಿ.

ಮುಗಿಯಿತು ಅಂದುಕೊಂಡೆ. ಕುರ್ಚಿಯ ಬೆನ್ನು ಹಿಡಿದುಕೊಂಡೆ. "ಬೇಡಿ ರೀ. ನಿಮ್ಮ ದಮ್ಮಯ್ಯ. ತಪ್ಪು ನಂದು. ನನ್ನ ಮೇಲಿನ ಸಿಟ್ಟಿಗೆ ನೀವು ತಿನ್ಬೇಡಿ," ಅಂದೆ.

ಅವರು ಜಾಡಿಯನ್ನು ಮೇಜಿನ ಮೇಲಿಟ್ಟು ಮುಚ್ಚಳ ತೆಗೆದರು. ನಾನು ತೊಳೆದು ಒರೆಸಿ ಖಾಲಿ ಇಟ್ಟಿದ್ದ ಜಾಡಿ. ಅದರ ತುಂಬ ಬೆರಳಗಲದ ಕಾಗದದ ಪ್ಯಾಕೆಟ್ಟುಗಳು, ಬಾಯಿಯವರೆಗೆ.

"ನಿನ್ನ ಕೋಟು ಡ್ರೈ ಕ್ಲೀನಿಂಗಿಗೆ ಒಯ್ಯೋದು ಯಾರು?" ಅಂದರು. "ನೀ ಕಸಕ್ಕ ಚೆಲ್ಲೇ ಬರ್ತಿದ್ದಿ, ನನಗ ಗೊತ್ತದ. ಆದ್ರೂ ಮೂಲ್ಯಾಗ ಒಂದೆರಡು ಉಳೀತಿದ್ದವು. ಮೊದಲನೇ ಚಳಿಗಾಲದಿಂದ."

"ಮೊದಲನೇ ಚಳಿಗಾಲದಿಂದ?"

"ಹೂಂ. ಅರ್ಧ ಪ್ರೆಟ್ಜೆಲ್ ಸೈತ ಇತ್ತು. ಅದನ್ನ ಹಕ್ಕಿಗೆ ಹಾಕಿದೆ."

ಎರಡು ವರ್ಷಕ್ಕೂ ಹೆಚ್ಚು ಕಾಲ ಈ ಮನುಷ್ಯ ನನ್ನ ಕಳ್ಳತನದ ಜೊತೆ ಕೂತು ಸಪ್ಪೆ ಉಂಡಿದ್ದಾರೆ. ನನ್ನ ಸುಳ್ಳು ಅವರನ್ನು ಒಂದು ದಿನವೂ ಬದುಕಿಸಿರಲಿಲ್ಲ. "ನಾನು ತಿಂದಿದ್ದು ಗೊತ್ತಾದ್ರೆ ಅವತ್ತೇ ನೀವೂ ತಿಂತೀನಿ ಅಂದಿದ್ರಲ್ಲ? ಯಾಕೆ ತಿನ್ಲಿಲ್ಲ?" ಅಂದೆ. ಅಳು ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು.

"ತಿನ್ನಬೇಕಂತ ಒಂದು ಪ್ಯಾಕೆಟ್ ಹರಿದಿದ್ದೆ, ಖರೇ ಹೇಳ್ತೀನಿ. ಅವತ್ತ ರಾತ್ರಿ ಊಟಕ್ಕ ಕೂತ್ರ ನೀ ಎದುರಿಗೆ ಕೂತು ಆ ಸುಡುಗಾಡು ಸಪ್ಪನ ಸಾರು ಉಣ್ಣಲಿಕ್ಕೆ ಹತ್ತಿದ್ದಿ. ಕಣ್ಣಾಗ ನೀರು ಬರೂಹಂಗ, ಆದ್ರೂ ಉಂಡಿ. ಮರುದಿನಾನೂ ಉಂಡಿ. ಹೊರಗ ಏನರ ತಿನ್ನು, ನನ್ನ ಮುಂದ ದಿನಾ ಎರಡೂ ಹೊತ್ತು ಉಂಡೀಯಲ್ಲ. ನನಗ ಅಷ್ಟು ಸಾಕಾತು."

"ಮತ್ತೆ ಈಗ ಯಾಕೆ ಬಿಡಿಸಿದ್ದು?"

ಅವರು ಒಂದು ಪ್ಯಾಕೆಟ್ ತೆಗೆದು ತುದಿ ಹರಿದರು. "ಅಲ್ಲೆ ಉಪ್ಪು ನೆಕ್ಕಿ ನೀ ನಕ್ಕಿ ನೋಡು. ಆ ನಗಿ ನಾ ಎರಡೂವರಿ ವರ್ಷ ಮನ್ಯಾಗ ನೋಡಿರಲಿಲ್ಲ. ಎಲ್ಲೆ ಹೋತು ಅಂತ ತಿಳಿದಿದ್ದಿಲ್ಲ ನನಗ."

ನನ್ನ ತಟ್ಟೆಯನ್ನು ಎಳೆದುಕೊಂಡರು. ಉಪ್ಪನ್ನು ಕೈಗೆ ಕೊಟ್ಟರೆ ಜಗಳವಾಗುತ್ತದೆ ಎಂದು ಅವರ ಅಮ್ಮ ಹೇಳುತ್ತಿದ್ದರು. ಅವರು ಕೈಗೆ ಕೊಡಲಿಲ್ಲ. ತಟ್ಟೆಯ ಎಡತುದಿಗೆ, ಹಬ್ಬದ ಎಲೆಗೆ ಬಡಿಸುವ ಹಾಗೆ, ನಡುಗುವ ಬಲಗೈಯಿಂದ ಸುರಿದರು. ಕೈ ಜಾರಿ ಇಡೀ ಪ್ಯಾಕೆಟ್ ಬಿತ್ತು. ಜಾಡಿಯ ಮುಚ್ಚಳ ಹಾಕಿ ನನ್ನ ಕಡೆ ಸರಿಸಿ, ತಮ್ಮ ತಟ್ಟೆಗೆ ಸಪ್ಪೆ ಅನ್ನ ಹಾಕಿಕೊಂಡು ಕೂತರು.

ನಾನು ಸಾರು ಹಾಕಿಕೊಂಡು, ಆ ಉಪ್ಪನ್ನೆಲ್ಲ ಸೇರಿಸಿ ಅನ್ನ ಕಲಸಿ, ಒಂದು ತುತ್ತು ಬಾಯಿಗಿಟ್ಟೆ. ಉಪ್ಪು ತೀರ ಹೆಚ್ಚಾಗಿತ್ತು. ನಾನು ಏನೂ ಅನ್ನದೆ ಅಷ್ಟನ್ನೂ ಉಂಡೆ.